ಎಡಗಡೆಯ ಬ್ರೇಕು

ಮಗಳು ತನಗೊಂದು ಕಾರು ಬೇಕು ಅಂದ ಬೆಳಗ್ಗೆ, ಕಾಂತಪ್ಪನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೂ ಹೋಗದೆ ಮೇಜಿಗೂ ಇಳಿಯದೆ ನಡುವೆ ನಿಂತುಬಿಟ್ಟಿತು. ಇಡ್ಲಿಯ ಗಿರಾಕಿಗಳು ತಿಂದು ಹೋದರು. ಊಟದವರು ಬಂದು ಕೂತರು. ಲೋಟ ಅಲ್ಲೇ ಇತ್ತು. ಕೊನೆಗೆ ಅಡುಗೆಯ ಶಾಂತಪ್ಪ ಗಲ್ಲಾದ ಹತ್ತಿರ ಬಂದು, ಧಣಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲೋಟ ತೊಳೆಯಲು ತೆಗೆದುಕೊಂಡು ಹೋದ. ಕುರ್ಲಾ ಸ್ಟೇಷನ್ನಿನ ಪಕ್ಕದ ಆ ಹೋಟೆಲಿನಲ್ಲಿ ಇದನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ. ನಂಬಿಕೆ ಬಾರದಿದ್ದರೆ ಹೋಗಿ ಕೇಳಬಹುದು.

ಗಾಬರಿಗೆ ಕಾರಣವಿತ್ತು. ಕಾಂತಪ್ಪನಿಗೆ ಗಾಲಿ ಇರುವ ಯಾವುದರ ಮೇಲೂ ನಂಬಿಕೆ ಇಲ್ಲ. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಸೈಕಲ್ಲು ಕೂಡ ಕಲಿತವನಲ್ಲ. ರಿಕ್ಷಾದಲ್ಲಿ ಕೂತರೆ ಡ್ರೈವರನ ಅಂಗಿಯ ಕಾಲರನ್ನು ಹಿಂದಿನಿಂದ ಹಿಡಿದುಕೊಳ್ಳುತ್ತಾನೆ. ಸ್ಪೀಡು ಜಾಸ್ತಿ ಅನ್ನಿಸಿದರೆ ಎಳೆಯುತ್ತಾನೆ. ಕುರ್ಲಾದ ರಿಕ್ಷಾದವರಿಗೆಲ್ಲ ಈ ಸಂಗತಿ ಗೊತ್ತು. ಅವನು ಕೈ ತೋರಿಸಿದರೆ ಖಾಲಿ ರಿಕ್ಷಾಗಳು ಹಿಂದಿನ ಸೀಟಿನಲ್ಲಿ ಯಾರೋ ಇದ್ದಾರೆಂಬಂತೆ ಜೋರಾಗಿ ಮಾತಾಡುತ್ತ ಮುಂದೆ ಹೋಗುತ್ತವೆ.

"ಎಂತ ಕಾರು?" ಎಂಬ ಮಾತು ಅವನ ಬಾಯಿಂದ ಹೊರಟದ್ದು ಸಂಜೆಗೆ.

"ಸೆಕೆಂಡ್ ಹ್ಯಾಂಡ್ ಪಪ್ಪ. ಹಳೇದು, ಚಿಕ್ಕದು. ಚಲೇಗಾ," ಅಂದಳು ಯಕ್ಷಿತಾ.

"ಓಡಿಸುವುದು ಯಾರು?"

"ನಾನೇ."

"ನಿನಗೆ ಬರುವುದಿಲ್ಲ."

ಯಕ್ಷಿತಾ ಬ್ಯಾಗಿನಿಂದ ಲೈಸೆನ್ಸು ತೆಗೆದು ಗಲ್ಲಾದ ಮೇಲಿಟ್ಟಳು. ಅವಳಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಲೈಸೆನ್ಸಿನಲ್ಲಿದ್ದ ಫೋಟೋ ಅವಳದೇ. ಕಾಂತಪ್ಪ ಅದನ್ನು ತಿರುಗಿಸಿ ಹಿಂದೆ ನೋಡಿದ. ಹಿಂದಿನಿಂದಲೂ ಅದು ನಿಜವೇ ಆಗಿತ್ತು.

"ಇದು ಯಾವಾಗ ಆದದ್ದು?"

"ಬೆಳಗ್ಗೆ ಬೆಳಗ್ಗೆ ಕ್ಲಾಸಿಗೆ ಹೋಗ್ತಿದ್ದೆ ಅಲ್ವಾ."

"ಅದು ಯೋಗದ ಕ್ಲಾಸು ಅಂತ ಹೇಳಿದ್ದಳು ನಿನ್ನ ಮಮ್ಮಿ."

ಅವನ ಹೆಂಡತಿ ವಿನೋದಿನಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಹೊಸದಾಗಿ ನೋಡುವವಳಂತೆ ನೋಡುತ್ತಿದ್ದಳು. "ಅದೂ ಕೂತುಕೊಂಡೇ ಮಾಡುವುದಲ್ಲವಾ," ಅಂದಳು.

ಯಕ್ಷಿತಾ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಓದುತ್ತಿದ್ದಳು. ರಜೆಯ ದಿನಗಳಲ್ಲಿ ಅಂಧೇರಿಯಲ್ಲಿ ಮಾಧುರಿ ಎಂಬವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಮಾಧುರಿಯದು ಸೀರಿಯಲ್ ಶೂಟಿಂಗಿನಲ್ಲಿ ಸೌಂಡ್ ರೆಕಾರ್ಡ್ ಮಾಡುವ ಕೆಲಸ. ಅದಕ್ಕೆ ಮೈಕು ಸಿಕ್ಕಿಸುವ ಒಂದು ಉದ್ದದ ಕೋಲು ಬೇಕು, ಎರಡು ಪೆಟ್ಟಿಗೆ ಬೇಕು. ಇದನ್ನೆಲ್ಲ ಹೊತ್ತು ಲೋಕಲಿನಲ್ಲಿ ಹೋಗುವುದು ಸುಲಭವಲ್ಲ. ಒಮ್ಮೆ ದಾದರಿನಲ್ಲಿ ಗಾಡಿ ಬದಲಿಸುವ ರಶ್ಶಿನಲ್ಲಿ ಕೋಲಿನ ತುದಿಗೆ ಯಾರದೋ ಟಿಫಿನ್ನಿನ ಚೀಲ ಸಿಕ್ಕಿಕೊಂಡಿತು. ಅಂಧೇರಿಯಲ್ಲಿ ಇಳಿದು ನೋಡುವಾಗ ಕೋಲಿನ ಮೇಲೆ ಮೂರು ಚೀಲ, ಒಂದು ಕೊಡೆ, ಮತ್ತು ತನ್ನ ಚೀಲವನ್ನು ಬಿಡಲೊಪ್ಪದೆ ಜೊತೆಗೇ ಬಂದ ಒಬ್ಬಳು ಮರಾಠಿ ಹೆಂಗಸು ಇದ್ದರು. ಆಕೆ ಇಳಿಯಬೇಕಿದ್ದದ್ದು ಮಾಟುಂಗಾದಲ್ಲಿ.

ಚೌತಿ ಕಳೆದ ಮೇಲೆ ಹೊಸ ಸೀರಿಯಲ್ಲು ಶುರುವಾಗುವುದಿತ್ತು. ಸಾಮಾನನ್ನು ತಾನೇ ಗಾಡಿಯಲ್ಲಿ ಹಾಕಿಕೊಂಡು ಬರುವ ಹುಡುಗಿಗೆ ಮಾತ್ರ ಅದರಲ್ಲಿ ಕೆಲಸ ಅಂತ ಮಾಧುರಿ ಹೇಳಿಬಿಟ್ಟಿದ್ದಳು. ಯಕ್ಷಿತಾ ಆಗದಿದ್ದರೆ ಬೇರೊಬ್ಬಳು ತಯಾರಾಗಿ ನಿಂತಿದ್ದಳು.

"ಪಪ್ಪ, ಈ ಕೆಲಸ ಹೋದ್ರೆ ಇನ್ನೊಂದ್ಸಲ ಕರೆಯೋದಿಲ್ಲ ಅವರು," ಅಂದಳು ಯಕ್ಷಿತಾ. ಇದನ್ನು ಹೇಳುವಾಗ ಅವಳು ಹಿಂದಿ ಬೆರೆಸಲಿಲ್ಲ. ಮಗಳು ಪೂರ್ತಿ ಕನ್ನಡದಲ್ಲಿ ಮಾತಾಡಿದರೆ ವಿಷಯ ಗಂಭೀರ ಅಂತ ಕಾಂತಪ್ಪನಿಗೆ ಗೊತ್ತಿತ್ತು.

ಅವನು ಅಡುಗೆಮನೆಗೆ ಹೋಗಿ ಕಾವಲಿಯ ಮುಂದೆ ನಿಂತು ಯೋಚಿಸಿದ. ಅವನ ಹೋಟೆಲಿನಲ್ಲಿ ಒಂದು ಕ್ರಮ ಉಂಟು. ದೋಸೆ ಹೊಯ್ಯುವುದಕ್ಕೆ ಹೊಸಬ ಬಂದರೆ ಅವನಿಗೆ ಹೊಸ ಕಾವಲಿ ಕೊಡುವುದಿಲ್ಲ. ಎಣ್ಣೆ ಕುಡಿದು ಕುಡಿದು ಪಳಗಿದ ಹಳೇ ಕಾವಲಿಯನ್ನೇ ಕೊಡುತ್ತಾರೆ. ಆ ಕಾವಲಿಗೆ ಎಂಥವನು ಹಿಟ್ಟು ಹೊಯ್ದರೂ ದೋಸೆ ಎದ್ದು ಬರುತ್ತದೆ. ಆದರೆ ಹೊಸಬನ ಎಡಗಡೆಗೆ ಹಳಬನೊಬ್ಬ ಗ್ಯಾಸಿನ ಕೀಲಿಯ ಮೇಲೆ ಕೈಯಿಟ್ಟು ನಿಂತಿರಬೇಕು. ಬೆಂಕಿ ಎದ್ದರೆ ತಿರುಗಿಸಬೇಕು. ಈ ಕ್ರಮದಿಂದಲೇ ಹೋಟೆಲು ಇನ್ನೂ ಸುಟ್ಟುಹೋಗಿಲ್ಲ ಎಂಬುದು ಕಾಂತಪ್ಪನ ನಂಬಿಕೆ.

ಹೊರಗೆ ಬಂದು ಹೇಳಿದ: "ಹಳೇ ಕಾರು, ಆಗಬಹುದು. ಚೌತಿಯವರೆಗೆ ನಾನು ಎಡಗಡೆ ಕೂತಿರ್ತೇನೆ. ಸರಿ ಅಂತ ಕಂಡರೆ ಆಮೇಲೆ ನೀನು ಒಬ್ಬಳೇ. ಆದರೆ ಗ್ಯಾಸಿನ ಕೀ ನನ್ನ ಹತ್ರ ಇರಬೇಕು."

"ಕಾರಿನಲ್ಲಿ ಗ್ಯಾಸಿನ ಕೀ ಎಲ್ಲಿರ್ತದೆ ಪಪ್ಪ?"

"ಇರುವಂಥ ಕಾರನ್ನೇ ಹುಡುಕುವ."

ಹುಡುಕುವುದಕ್ಕೆ ವಿನೋದಿನಿಯ ತಮ್ಮ ಧನರಾಜ್ ಜೊತೆಗೆ ಬಂದ. ಕಾರಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂತ ಅವನೇ ಹೇಳುತ್ತಿದ್ದ. ಬೇರೆ ಯಾರೂ ಹೇಳಿದ್ದಿಲ್ಲ.

ಮೊದಲು ನೋಡಿದ್ದು ಕುರ್ಲಾದಲ್ಲೇ, ಹಳೇ ಬಿಡಿಭಾಗಗಳ ಅಂಗಡಿಗಳ ಹಿಂದೆ. ಬಿಳಿ ಬಣ್ಣದ ಗಾಡಿ, ಇಂಜಿನ್ ಚಾಲೂ ಇಟ್ಟೇ ನಿಲ್ಲಿಸಿದ್ದರು. ತೆಂಗಿನಕಾಯಿ ಆರಿಸುವುದು ಬಿಟ್ಟು ಬೇರೆ ಪರೀಕ್ಷೆ ಕಾಂತಪ್ಪನಿಗೆ ಗೊತ್ತಿರಲಿಲ್ಲ. ಬಾನೆಟ್ಟಿಗೆ ಕಿವಿಯಿಟ್ಟು ಬೆರಳ ಗಂಟಿನಿಂದ ಎರಡು ಸಲ ಬಡಿದ. ಒಳಗಿನಿಂದ ಯಾರೋ ಎರಡು ಸಲ ತಿರುಗಿ ಬಡಿದರು.

ಕಾಂತಪ್ಪ ಹಿಂದೆ ಸರಿದು ಧನರಾಜನ ಕಾಲಿನ ಮೇಲೆ ನಿಂತ. ಬಾನೆಟ್ಟು ಎತ್ತಿ ನೋಡಿದರೆ, ಇಂಜಿನ್ನಿನ ಪಕ್ಕದ ಸಂದಿಯಲ್ಲಿ ಒಬ್ಬ ಸಪೂರದ ಮನುಷ್ಯ ಮಡಚಿಕೊಂಡು ಮಲಗಿ ಎರಡು ತಂತಿ ಹಿಡಿದುಕೊಂಡಿದ್ದ. ಅವನು ಬಿಟ್ಟರೆ ಇಂಜಿನ್ ನಿಲ್ಲುತ್ತದಂತೆ.

"ಚಿಂತೆ ಮಾಡಬೇಡಿ ಸೇಟ್," ಅಂದ ಮಾರುವವನು. "ಅವನೂ ಗಾಡಿಯ ಜೊತೆಗೇ ಬರ್ತಾನೆ."

ಎರಡನೆಯದು ಅಂಧೇರಿಯಲ್ಲಿ. ಹನ್ನೆರಡು ವರ್ಷ ಹಳೆಯದು, ನೋಡಿದರೆ ನಿನ್ನೆ ಶೋರೂಮಿನಿಂದ ಬಂದಂತೆ ಹೊಳೆಯುತ್ತಿತ್ತು. ಎಷ್ಟು ಓಡಿದೆ ಅಂತ ನೋಡಿದರೆ ಮೀಟರಿನಲ್ಲಿ ಪೂರ್ತಿ ಸೊನ್ನೆ. ಧನರಾಜ್ ಭಾವನ ಕೈ ಹಿಸುಕಿ, "ಇಂಥದ್ದು ಬಾಂಬೆಯಲ್ಲಿ ಇದೊಂದೇ ಇರುವುದು, ಬಿಡಬಾರದು ಭಾವ," ಅಂದ. ಹನ್ನೆರಡು ವರ್ಷದಲ್ಲಿ ಎಷ್ಟೋ ಹೀರೋಗಳು ಇದರಲ್ಲಿ ಕೂತು ಎಷ್ಟೋ ಹೀರೋಯಿನ್‌ಗಳ ಹಿಂದೆ ಹೋಗಿದ್ದಾರೆ ಅಂತ ಮಾಲೀಕ ಹೇಳಿದ. ಹಾಗಾದರೆ ಮೀಟರು ಯಾಕೆ ಓಡಿಲ್ಲ ಅಂತ ಯಕ್ಷಿತಾ ಬಾನೆಟ್ಟು ಎತ್ತಿದಳು. ಒಳಗೆ ಏನೂ ಇರಲಿಲ್ಲ. ಏನೂ ಅಂದರೆ, ನೆಲ ಕಾಣಿಸುತ್ತಿತ್ತು. ನೆಲದ ಮೇಲೆ ಒಂದು ಬೆಕ್ಕು ಮರಿಗಳಿಗೆ ಹಾಲು ಕುಡಿಸುತ್ತಿತ್ತು.

"ಶೂಟಿಂಗಿನ ಗಾಡಿಗೆ ಇಂಜಿನ್ ಯಾಕೆ?" ಅಂದ ಮಾಲೀಕ. "ಲಾರಿಯ ಮೇಲೆ ಹತ್ತಿಸಿ ಓಡಿಸುವುದಲ್ಲವಾ? ಇಂಜಿನ್ ಇದ್ದರೆ ಸದ್ದು ಆಗ್ತದೆ."

ಯಕ್ಷಿತಾ ಸೌಂಡಿನ ಕೆಲಸದವಳಾದ್ದರಿಂದ ಈ ಮಾತನ್ನು ಒಪ್ಪಿದಳು. ಕಾಂತಪ್ಪನಿಗೆ ಮಾತ್ರ ಸೋಡಾ ಕುಡಿಸಬೇಕಾಯಿತು.

ಮೂರನೆಯದು ವಿಲೆ ಪಾರ್ಲೆಯಲ್ಲಿ, ಮೈಸೂರು ಕಡೆಯ ರಿಟೈರ್ಡ್ ಅಧಿಕಾರಿ ತಿರುಮಲೇಶ ಎಂಬವರದ್ದು. ಗಾಡಿ ನಿಜಕ್ಕೂ ಚೆನ್ನಾಗಿತ್ತು. ಸೀಟಿನ ಪ್ಲಾಸ್ಟಿಕ್ಕು ಸಹ ತೆಗೆದಿರಲಿಲ್ಲ. ಆದರೆ ಗಾಡಿ ತೋರಿಸುವ ಮೊದಲು ಮೂವರನ್ನೂ ಒಳಗೆ ಕೂರಿಸಿ, ಅವರ ಹೆಂಡತಿ ಸುಬ್ಬಲಕ್ಷ್ಮಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು. ಯಕ್ಷಿತಾಳನ್ನು ಎದುರಿಗೆ ಕೂರಿಸಿದರು.

"ಏನಮ್ಮ, ಸಿಟ್ಟು ಗಿಟ್ಟು ಬರುತ್ತೇನು ನಿಂಗೆ?" ಅಂತ ತಿರುಮಲೇಶ ಕೇಳಿದರು. "ಹಾರ್ನ್ ತುಂಬಾ ಹೊಡೀತೀಯಾ?"

"ಬೇಕಾದ್ರೆ ಮಾತ್ರ ಅಂಕಲ್."

"ಕ್ಲಚ್ ಮೇಲೆ ಕಾಲಿಡೋದು ಹ್ಯಾಗೆ, ಈ ಮಣೆ ಮೇಲೆ ಸ್ವಲ್ಪ ತೋರಿಸಮ್ಮ," ಅಂದರು ಸುಬ್ಬಲಕ್ಷ್ಮಿ. ಯಕ್ಷಿತಾ ತೋರಿಸಿದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಯೋಚನೆ ಮಾಡಿ ತಿಳಿಸ್ತೀವಿ," ಅಂದರು.

ಮರುದಿನ ಧನರಾಜನಿಗೆ ಫೋನು ಬಂತು. ಕೇಳಿಸಿಕೊಂಡು ಅವನು ತಣ್ಣಗೆ ಹೇಳಿದ, "ಒಪ್ಪಿಗೆ ಇಲ್ಲವಂತೆ ಭಾವ."

"ಅವರಿಗಾ?"

"ಅವರಿಗೆ ಒಪ್ಪಿಗೆಯೇ. ಗಾಡಿಗೆ ಮನಸ್ಸಿಲ್ಲವಂತೆ. ನಾವು ಹೋದ ಮೇಲೆ ಸ್ಟಾರ್ಟ್ ಆಗಲಿಲ್ಲವಂತೆ, ಬೇಜಾರು ಮಾಡಿಕೊಂಡು."

ಕಾಂತಪ್ಪ ಆ ದಿನ ಊಟ ಮಾಡಲಿಲ್ಲ. ಅವನ ಹೋಟೆಲಿನ ಸಾಂಬಾರನ್ನು ಬೇಡ ಅಂದವರಿದ್ದರು. ಮಗಳನ್ನು ಬೇಡ ಅಂದದ್ದು ಇದೇ ಮೊದಲು, ಅದೂ ಒಂದು ಗಾಡಿ.

ನಾಲ್ಕನೆಯದನ್ನು ನೋಡುವ ಆಸೆಯೇ ಉಳಿದಿರಲಿಲ್ಲ. ಹಿತೇಶ್ ಎಂಬವನ ಹಳೇ ಗಾಡಿಗಳ ಕಂಪೌಂಡಿನಲ್ಲಿ ಮೂಲೆಯಲ್ಲೊಂದು ಬೂದು ಬಣ್ಣದ ಕಾರು ನಿಂತಿತ್ತು. ಮಾಡಿನ ಮೇಲೆ ಯಾವುದೋ ಬೋರ್ಡು ಕಿತ್ತ ಗುರುತಿತ್ತು. ಎಲ್ಲಾ ಮೂಲೆಗಳೂ ಸ್ವಲ್ಪ ಸ್ವಲ್ಪ ತಾಗಿಸಿಕೊಂಡು ಉರುಟಾಗಿದ್ದವು. ಧನರಾಜ್ ಮೂಗು ಮುರಿದ. ಕಾಂತಪ್ಪ ಕಾಲು ನೋವು ಅಂತ ಅದರ ಎಡಗಡೆಯ ಸೀಟಿನಲ್ಲಿ ಕೂತ. ಕಾಲು ಚಾಚಿದಾಗ ಪಾದಕ್ಕೆ ಏನೋ ತಾಗಿತು. ಬಗ್ಗಿ ಮ್ಯಾಟು ಎತ್ತಿದ.

ಅಲ್ಲಿ ಎರಡು ಪೆಡಲು ಇದ್ದವು.

"ಇದೆಂತದು?" ಅವನ ಸ್ವರ ಸಣ್ಣಗಾಗಿತ್ತು.

"ಇದು ಡ್ರೈವಿಂಗ್ ಕ್ಲಾಸಿನ ಗಾಡಿ ಸೇಟ್," ಅಂದ ಹಿತೇಶ್. "ಕಲಿಸುವವನು ಎಡಗಡೆ ಕೂರ್ತಾನಲ್ಲ, ಅವನಿಗೂ ಒಂದು ಕ್ಲಚ್ಚು, ಒಂದು ಬ್ರೇಕು. ಆದರೆ ಈಗ ಇದು—"

"ಪ್ಯಾಕ್ ಮಾಡಿ," ಅಂದ ಕಾಂತಪ್ಪ.

ಕಾರನ್ನು ಪಾರ್ಸೆಲ್ ಕೇಳಿದ ಗಿರಾಕಿಯನ್ನು ಹಿತೇಶ್ ಅಲ್ಲಿಯವರೆಗೆ ನೋಡಿರಲಿಲ್ಲ. ಕಾಂತಪ್ಪ ಆಗಲೇ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಬಲಗಾಲಿನಿಂದ ಆ ಬ್ರೇಕನ್ನು ನಿಧಾನವಾಗಿ ಒತ್ತಿ ಒತ್ತಿ ನೋಡುತ್ತಿದ್ದ. ಸ್ಪ್ರಿಂಗು ಮೆತ್ತಗೆ ಮೇಲೆ ತಳ್ಳುತ್ತಿತ್ತು. ಗ್ಯಾಸಿನ ಕೀಲಿ ಸಿಕ್ಕಿತ್ತು. ಕಣ್ಣು ಬಿಟ್ಟಾಗ, ದೂರದಲ್ಲಿ ಹಿತೇಶ್ ತನ್ನ ಅರ್ಧ ಉಳಿದ ಮಾತನ್ನು ಧನರಾಜನ ಹತ್ತಿರ ಹೇಳುವುದೂ, ಧನರಾಜ್ ತನ್ನ ಕಡೆ ನೋಡಿ ಬೇಡ ಬೇಡ ಅಂತ ಕೈಯಾಡಿಸುವುದೂ ಅವನಿಗೆ ಕಾಣಿಸಿತು. ಭಾವಮೈದನ ಕಮಿಷನ್ನಿನ ಮಾತಿರಬೇಕು ಅಂದುಕೊಂಡ.

ಮರುದಿನದಿಂದ ತಂದೆ ಮಗಳ ಸವಾರಿ ಶುರುವಾಯಿತು. ಜೀವಮಾನವಿಡೀ ಚಪ್ಪಲಿಯಲ್ಲಿ ಓಡಾಡಿದ ಕಾಂತಪ್ಪ ದಪ್ಪ ಅಟ್ಟೆಯ ಬೂಟು ತೆಗೆದುಕೊಂಡ. ಕುರ್ಲಾದಿಂದ ಸಾಕಿನಾಕಾ, ಮರೋಳ, ಅಲ್ಲಿಂದ ಅಂಧೇರಿ. ಮುಂಬಯಿಯ ಆ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದವರು ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುವುದುಂಟು. ಕಾಂತಪ್ಪ ಮಾತ್ರ ದೊರೆಯಂತೆ ಕೂತಿರುತ್ತಿದ್ದ. ಯಾರ ಕಾಲರನ್ನೂ ಹಿಡಿಯಲಿಲ್ಲ. ಎದುರಿಗೆ ಬಸ್ಸು ಬಂದರೆ ಒತ್ತುತ್ತಿದ್ದ, ಗಾಡಿ ನಿಲ್ಲುತ್ತಿತ್ತು. ಎಮ್ಮೆ ಬಂದರೆ ಒತ್ತುತ್ತಿದ್ದ, ನಿಲ್ಲುತ್ತಿತ್ತು. ಸಾಕಿನಾಕಾದಲ್ಲಿ ಒಬ್ಬ ಮೊಬೈಲಿನಲ್ಲಿ ಮಾತಾಡುತ್ತ ನೇರ ಗಾಡಿಯ ಮುಂದೆ ಬಂದ. ಕಾಂತಪ್ಪ ಒತ್ತಿದ. ಗಾಡಿ ಅವನ ಪ್ಯಾಂಟಿನ ಇಸ್ತ್ರಿಗೆ ತಾಗಿ ನಿಂತಿತು, ಮೈಗೆ ತಾಗಲಿಲ್ಲ. ಆ ಮನುಷ್ಯ ಮಾತು ನಿಲ್ಲಿಸದೆ ಮುಂದೆ ಹೋದ. ಅವನ ಹೆಂಡತಿ ಮಕ್ಕಳ ಮುಖ ನೆನೆಸಿಕೊಂಡು ಕಾಂತಪ್ಪನ ಕಣ್ಣು ತೇವವಾಯಿತು.

ಒತ್ತಿ ಒತ್ತಿ ಅವನ ಬಲಗಾಲಿನ ಮೀನಖಂಡ ಉಬ್ಬಿ, ಟೈಲರು ಪ್ಯಾಂಟಿನ ಒಂದು ಕಾಲನ್ನು ಮಾತ್ರ ಬಿಚ್ಚಿ ಅಗಲ ಮಾಡಬೇಕಾಯಿತು. ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಅಂದಂದಿನ ವರದಿ ಕೊಡುತ್ತಿದ್ದ. "ಇವತ್ತು ಮರೋಳದಲ್ಲಿ ಒಬ್ಬ ಅಜ್ಜ," ಅನ್ನುತ್ತಿದ್ದ. "ನಾನಿಲ್ಲದಿದ್ದರೆ ಇಷ್ಟು ಹೊತ್ತಿಗೆ ಆ ಅಜ್ಜನ ಮನೆಯವರು ಊರಿಗೆ ಫೋನು ಮಾಡ್ತಿದ್ದರು." ಗಿರಾಕಿಗಳು ತಲೆಯಾಡಿಸುತ್ತಿದ್ದರು. ತಲೆಯಾಡಿಸಿದವರಿಗೆ ಚಟ್ನಿ ಎರಡು ಸಲ ಬರುತ್ತಿತ್ತು.

ಚೌತಿ ಬಂತು, ಗಣಪತಿ ನೀರಿಗೆ ಹೋದ. ಸೋಮವಾರ ಬೆಳಗ್ಗೆ ಸಾಮಾನು ತೆಗೆದುಕೊಂಡು ಒಬ್ಬಳೇ ಬಾ ಅಂತ ಮಾಧುರಿಯ ಮೆಸೇಜು ಬಂತು. ಅಪ್ಪನನ್ನು ತರಬೇಡ ಅಂತ ಬೇರೆ ಬರೆದಿದ್ದಳು. ಹಿಂದೊಂದು ದಿನ ಸೆಟ್ಟಿನ ಮೂಲೆಯಲ್ಲಿ ಕೂತಿದ್ದ ಕಾಂತಪ್ಪ ಟೇಕಿನ ನಡುವೆ ಕೆಮ್ಮಿ, ಆ ಕೆಮ್ಮು ಸೀರಿಯಲ್ಲಿನ ಶವದ ಬಾಯಿಂದ ಬಂದಂತೆ ಪ್ರಸಾರವಾಗಿಹೋಗಿತ್ತು. ಕಥೆಯನ್ನೇ ಬದಲಿಸಿ ಆ ಶವವನ್ನು ಬದುಕಿಸಬೇಕಾಯಿತಂತೆ.

ಭಾನುವಾರ ಬೆಳಗ್ಗೆ ಯಕ್ಷಿತಾ ಗಲ್ಲಾದ ಮುಂದೆ ಬಂದು ನಿಂತಳು. "ಪಪ್ಪ, ನಾಳೆ ಹೋಗ್ಲಾ?"

"ಬೇಡ," ಅಂದ ಕಾಂತಪ್ಪ.

ವಿನೋದಿನಿ ಹೂಕೋಸು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಮಾತು ಕೊಟ್ಟಿದ್ದೀರಿ ನೀವು."

"ಸರಿ ಅಂತ ಕಂಡರೆ ಅಂತ ಹೇಳಿದ್ದು. ನನಗೆ ಕಾಣಲಿಲ್ಲ. ನಿನಗೆ ಗೊತ್ತಿಲ್ಲ ವಿನೋದಿನಿ, ನಾನು ಒತ್ತದಿದ್ದರೆ ಇವಳು ಅರ್ಧ ಸಾಕಿನಾಕಾವನ್ನು ಮುಗಿಸ್ತಿದ್ದಳು. ಒಂದು ದಿನವಾದರೂ ನಾನು ಒತ್ತದೆ ಮನೆಗೆ ಬಂದದ್ದುಂಟಾ? ಕೇಳು."

ಯಕ್ಷಿತಾಳ ಕೆಳತುಟಿ ಒಂದು ಕ್ಷಣ ನಡುಗಿತು. ಅಳುತ್ತಾಳೆ ಅಂದುಕೊಂಡ ಕಾಂತಪ್ಪ. ಅವಳು ಅಳಲಿಲ್ಲ. ತಾಯಿಯ ಮುಖ ನೋಡಿದಳು. ತಾಯಿ ಹೂಕೋಸು ನೋಡಿದಳು.

"ಠೀಕ್ ಹೈ ಪಪ್ಪ," ಅಂದಳು. "ಆದ್ರೆ ಒಂದು. ನೀವು ಅಷ್ಟು ಒತ್ತಿದ್ದೀರಲ್ಲ, ನಿಮ್ಮ ಬ್ರೇಕ್ ಸವೆದಿರ್ಬೇಕು. ಗ್ಯಾರೇಜಿಗೆ ತೋರ್ಸುವಾ. ಸೇಫ್ಟಿಗೆ."

ಕಾಂತಪ್ಪನಿಗೆ ಹೆಮ್ಮೆಯಾಯಿತು. ಕೆಲಸ ಹೋದರೂ ಬುದ್ಧಿ ಬಂತಲ್ಲ ಅಂದುಕೊಂಡ. ಧನರಾಜನನ್ನೂ ಕರೆದ. ಅವನು ಹೊಟ್ಟೆನೋವು ಅಂದ. ಹೊಟ್ಟೆ ಹಿಡಿದುಕೊಂಡೇ ಬಾ ಅಂತ ಹಿಂದಿನ ಸೀಟಿಗೆ ಹತ್ತಿಸಿಕೊಂಡ.

ಗ್ಯಾರೇಜಿನ ಮೆಕ್ಯಾನಿಕ್ಕು ಎಡಗಡೆಯ ಬಾಗಿಲು ತೆಗೆದು, ಟಾರ್ಚು ಹಿಡಿದು, ಪೆಡಲಿನ ಹಿಂದೆ ತಲೆ ತೂರಿಸಿದ. ಕಾಂತಪ್ಪ ಅವನ ಬೆನ್ನಿಗೆ ವಿವರ ಹೇಳುತ್ತಿದ್ದ. "ಸ್ವಲ್ಪ ಮೆತ್ತಗಾಗಿದೆ. ಮೊದಲು ಗಟ್ಟಿ ಹಿಡಿಯುತ್ತಿತ್ತು. ಅದಕ್ಕೆ ಕೆಲಸ ಜಾಸ್ತಿ ಬಿದ್ದಿದೆ."

ಮೆಕ್ಯಾನಿಕ್ಕು ಹೊರಗೆ ಬಂದ. ಕೈಯಿಂದ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟ. ಅದು ಮೆತ್ತಗೆ ಮೇಲೆ ಬಂತು.

"ಸೇಟ್, ಇದು ಎಲ್ಲಿಗೂ ಜೋಡಿಸಿಲ್ಲ," ಅಂದ ಅವನು ಹಿಂದಿಯಲ್ಲಿ. "ಕೇಬಲ್ ಇಲ್ಲ. ಕ್ಲಾಸಿನವರು ಗಾಡಿ ಮಾರುವಾಗ ತೆಗೀತಾರೆ. ಪೆಡಲ್ ಮಾತ್ರ ಬಿಟ್ಟಿದ್ದಾರೆ, ತೂತು ಕಾಣಬಾರದು ಅಂತ."

ಕಾಂತಪ್ಪ ನಕ್ಕ. "ಇಲ್ಲ ಇಲ್ಲ. ಸರಿ ನೋಡು. ನಾನು ನಿನ್ನೆಯೂ ನಿಲ್ಲಿಸಿದ್ದೇನೆ."

ಮೆಕ್ಯಾನಿಕ್ಕು ಟಾರ್ಚನ್ನು ಅವನ ಕೈಗೇ ಕೊಟ್ಟ. ಕಾಂತಪ್ಪ ಮೊಣಕಾಲೂರಿ ಒಳಗೆ ನೋಡಿದ. ಪೆಡಲಿನ ಹಿಂದೆ ಒಂದು ಸಣ್ಣ ಸ್ಪ್ರಿಂಗು. ಸ್ಪ್ರಿಂಗಿನ ಹಿಂದೆ ಜೇಡರ ಬಲೆ. ಬಲೆಯಲ್ಲಿ ಜೇಡ. ತಾನು ಇಷ್ಟು ದಿನ ಒತ್ತುತ್ತಿದ್ದದ್ದು ಆ ಜೇಡನಿಗೆ ಉಯ್ಯಾಲೆಯಾಗಿತ್ತು ಅಂತ ಕಾಣುತ್ತದೆ. ಅದು ಕೊಬ್ಬಿ ಬೆಳೆದು ಸಂತೋಷದಲ್ಲಿತ್ತು.

ಅವನು ಮೊಣಕಾಲೂರಿದ ಹಾಗೆಯೇ ಕೂತು, ಟಾರ್ಚನ್ನು ಹಗಲಲ್ಲೇ ಮಗಳ ಮುಖಕ್ಕೆ ಹಿಡಿದ.

"ಸಾಕಿನಾಕಾದಲ್ಲಿ ಆ ಮೊಬೈಲಿನವನು?"

"ನಾನು ಪಪ್ಪ."

"ಎಮ್ಮೆ?"

"ನಾನೇ."

"ಮರೋಳದ ಅಜ್ಜ?"

"ಅಜ್ಜನೇ ನಿಂತ್ರು. ನಾವೂ ನಿಂತ್ವಿ."

ಕಾಂತಪ್ಪನಿಗೆ ಕೊನೆಯ ಆಸೆ ಒಂದಿತ್ತು. "ಆ ಶನಿವಾರ, ರಸ್ತೆ ಖಾಲಿ ಇದ್ದಾಗ ನಾನು ಸುಮ್ಮನೆ ಪರೀಕ್ಷೆಗೆ ಅಂತ ಒತ್ತಿದೆ. ಯಾರೂ ಇರಲಿಲ್ಲ ಎದುರಿಗೆ. ಆದರೂ ಗಾಡಿ ನಿಂತಿತು. ಅದು?"

"ನೀವು 'ಅಯ್ಯೋ ದೇವರೇ' ಅಂತ ಕೂಗಿದ್ರಿ. ಎಂತ ಆಯ್ತು ಅಂತ ನೋಡ್ಲಿಕ್ಕೆ ನಿಲ್ಲಿಸ್ದೆ."

ಧನರಾಜ್ ಗ್ಯಾರೇಜಿನ ಗೋಡೆಯ ಮೇಲಿದ್ದ ಟಯರಿನ ಕ್ಯಾಲೆಂಡರನ್ನು ಬಹಳ ಹತ್ತಿರದಿಂದ ಓದುತ್ತಿದ್ದ. ಕಾಂತಪ್ಪ ಟಾರ್ಚನ್ನು ಆ ಕಡೆ ತಿರುಗಿಸಿದ.

"ನಿನಗೆ ಗೊತ್ತಿತ್ತು."

"ಹಿತೇಶ್ ಹೇಳಿದ್ದ ಭಾವ. ಆದರೆ ನೀವು ಆ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತದ್ದು ನೋಡಿ ನನಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದೆ."

"ಅವಳಿಗೂ ಗೊತ್ತುಂಟಾ?" ಟಾರ್ಚು ಮತ್ತೆ ಮಗಳ ಕಡೆ ತಿರುಗಿತು. "ನಿನಗೆ ಯಾವಾಗ ಗೊತ್ತಾಯಿತು ಮಗಾ?"

"ಮೊದಲ ದಿನವೇ," ಅಂದಳು ಯಕ್ಷಿತಾ. "ಕ್ಲಾಸಿನಲ್ಲಿ ಸರ್ ಒತ್ತಿದ್ರೆ ನನ್ನ ಕಾಲಿನ ಹತ್ರದ ಪೆಡಲ್ ಕೂಡ ಕೆಳಗೆ ಹೋಗ್ತಿತ್ತು. ನೀವು ಒತ್ತುವಾಗ ಒಂದ್ಸಲನೂ ಹೋಗ್ಲಿಲ್ಲ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನೀವು ನನ್ನ ಕಾಲರ್ ಹಿಡೀತಿದ್ರಿ ಪಪ್ಪ."

ಅದು ನಿಜ. ಕಾಂತಪ್ಪ ಹಿಡಿಯುತ್ತಿದ್ದ. ಮೆಕ್ಯಾನಿಕ್ಕು ಕೇಬಲ್ ಹಾಕಿಕೊಡಲೇ ಅಂತ ಕೇಳಿದ. ಕಾಂತಪ್ಪ ಇನ್ನೊಮ್ಮೆ ಬಗ್ಗಿ ಪೆಡಲಿನ ಹಿಂದೆ ಟಾರ್ಚು ಹಿಡಿದ. ಆಮೇಲೆ, "ಬೇಡ. ಜೇಡ ಇರಲಿ," ಅಂದ.

ಮನೆಯವರೆಗೆ ಅವನು ಎರಡೂ ಪಾದಗಳನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮೊತ್ತಮೊದಲ ಬಾರಿಗೆ ಮಗಳ ಕಾಲನ್ನು ನೋಡಿದ. ಬಸ್ಸು ಬರುವ ಎಷ್ಟೋ ಮೊದಲೇ ಅವಳ ಕಾಲು ಬ್ರೇಕಿನ ಹತ್ತಿರ ಇರುತ್ತಿತ್ತು. ಅವನ ಗಾಬರಿಗಿಂತ ಮೊದಲೇ. ಇದನ್ನು ನೋಡಿ ಸಮಾಧಾನವಾಗಬೇಕಿತ್ತು. ಆದದ್ದು ಮಾತ್ರ ಹೊಸ ಆಘಾತ: ಇಷ್ಟು ದಿನ ಈ ಊರಿನಲ್ಲಿ ತಾನು ಯಾರ ಜೀವವನ್ನೂ ಉಳಿಸಿರಲಿಲ್ಲ.

ಹೋಟೆಲಿಗೆ ಬಂದವನು ಗಲ್ಲಾಕ್ಕೆ ಹೋಗದೆ ಸೀದಾ ಅಡುಗೆಮನೆಗೆ ನಡೆದ. ಅಲ್ಲಿ ಬಿಜಾಪುರದ ಕಡೆಯಿಂದ ಬಂದ ಹೊಸಬ ಶರಣು ಹಳೇ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುತ್ತಿದ್ದ. ಎಡಗಡೆ ಶಾಂತಪ್ಪ ಗ್ಯಾಸಿನ ಕೀಲಿಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಯಾರ ಜೊತೆಗೋ ಬಂಗುಡೆ ಮೀನಿನ ರೇಟಿನ ಬಗ್ಗೆ ಮಾತಾಡುತ್ತಿದ್ದ. ಅವನ ಮುಖ ಕಿಟಕಿಯ ಕಡೆಗಿತ್ತು. ಉರಿ ಸ್ವಲ್ಪ ಎದ್ದಿತು. ಶರಣು ತಾನೇ ಬಗ್ಗಿ, ಕೆಳಗೆಲ್ಲೋ ಇದ್ದ ಇನ್ನೊಂದು ಕೀಲಿ ತಿರುಗಿಸಿ, ಉರಿ ಇಳಿಸಿದ.

ಕಾಂತಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಶಾಂತಪ್ಪ, ಆ ಕೀ..."

"ಯಾವ ಕೀ ಧಣಿ?" ಶಾಂತಪ್ಪ ಮೊಬೈಲಿನಿಂದ ಬಾಯಿ ತೆಗೆದ. ಕೈ ಮಾತ್ರ ಅಲ್ಲೇ ಇತ್ತು.

ಕಾಂತಪ್ಪ ಶಾಂತಪ್ಪನನ್ನು ನೋಡಿದ, ಕೀಲಿಯನ್ನು ನೋಡಿದ, ಅದರಿಂದ ಗೋಡೆಯ ಕಡೆಗೆ ಹೋಗಿ ಕತ್ತಲೆಯಲ್ಲಿ ಮಾಯವಾಗುವ ಪೈಪನ್ನು ನೋಡಿದ.

"ಎಂತ ಇಲ್ಲ," ಅಂದ.

"ದ್ವಾಸಿ ಛಲೋ ಎದ್ದಾವ ನೋಡ್ರಿ," ಅಂದ ಶರಣು.

ಒಂದೇ ದಿನ ಎರಡು ಕಡೆ ಟಾರ್ಚು ಹಿಡಿಯುವಷ್ಟು ಗಟ್ಟಿ ಗುಂಡಿಗೆ ಕಾಂತಪ್ಪನದ್ದಲ್ಲ. ಅವನು ಗಲ್ಲಾಕ್ಕೆ ಬಂದು ಕೂತು, ಕಾರಿನ ಕೀಲಿಯನ್ನು ಮಗಳ ಕಡೆ ಸರಿಸಿದ. "ಬೆಳಗ್ಗೆ ಬೇಗ ಹೊರಡು. ಸಾಕಿನಾಕಾದಲ್ಲಿ ಜನ ನೋಡದೆ ನಡೀತಾರೆ," ಅಂದ. ವಿನೋದಿನಿ ಒಳಗಿನಿಂದ ಕಾಫಿ ತಂದು, ಲೋಟವನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು.

ಸೋಮವಾರ ಬೆಳಗ್ಗೆ ಕೋಲು, ಪೆಟ್ಟಿಗೆಗಳು ಹಿಂದಿನ ಸೀಟಿಗೆ ಹೋದವು. ಎಡಗಡೆಯ ಸೀಟು ಖಾಲಿಯಿತ್ತು. ಕಾಂತಪ್ಪ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಹೋಟೆಲಿನ ಎದುರು ಫುಟ್‌ಪಾತಿನ ಮೇಲೆ ನಿಂತ. ಯಾಕೆ ಹಾಕಿಕೊಂಡೆ ಅಂತ ಅವನಿಗೇ ಗೊತ್ತಿರಲಿಲ್ಲ. ಯಕ್ಷಿತಾ ಕೈಬೀಸಿ ಹೊರಟಳು. ಬೂದು ಗಾಡಿ ರಿಕ್ಷಾಗಳ ನಡುವೆ ನುಸುಳಿ ಸಿಗ್ನಲಿನ ಕಡೆ ಹೋಗುತ್ತಿತ್ತು. ಅಡ್ಡದಿಂದ ಒಂದು ಬಸ್ಸು ಬರುತ್ತಿತ್ತು.

ಕಾಂತಪ್ಪ ಯೋಚಿಸಲಿಲ್ಲ. ಬಲಗಾಲಿನಿಂದ ಫುಟ್‌ಪಾತನ್ನು ಬಲವಾಗಿ ಒತ್ತಿದ.

ದೂರದಲ್ಲಿ ಗಾಡಿ ನಿಂತಿತು.

ಕಾಂತಪ್ಪ ಬೆಪ್ಪಾಗಿ ತನ್ನ ಕಾಲನ್ನು ನೋಡಿದ. ಫುಟ್‌ಪಾತನ್ನು ನೋಡಿದ. ಆಚೆ ಈಚೆ ನೋಡಿದ, ಯಾರೂ ಗಮನಿಸಿದಂತಿರಲಿಲ್ಲ. ಬಸ್ಸು ದಾಟಿ ಹೋಯಿತು. ಆದರೂ ಗಾಡಿ ಅಲ್ಲೇ ನಿಂತಿತ್ತು. ಹಿಂದಿನವರು ಹಾರ್ನು ಹೊಡೆಯತೊಡಗಿದರು. ಮಗಳಿಗೆ ಮೊದಲ ದಿನವೇ ತಡವಾಗುತ್ತದಲ್ಲ ಅಂತ ಅವನಿಗೆ ಚಿಂತೆಯಾಯಿತು.

ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಕಾಲು ಎತ್ತಿದ.

ಸಿಗ್ನಲು ಹಸಿರಾಯಿತು. ಗಾಡಿ ಹೋಯಿತು.